ಎಬ್ಬಿಸುವ ಕೆಲಸ

ಮಾರ್ಚ್ 3, ಸೋಮವಾರ

ಇವತ್ತೂ ಏಳಲಿಲ್ಲ.

ಅತ್ತೆಯನ್ನು ಎಬ್ಬಿಸಿ, ಮುಖ ಒರೆಸಿ, ದಿಂಬಿಗೆ ಒರಗಿಸಿ ಕೂರಿಸಿದೆ. ಆಮೇಲೆ ಆಫೀಸಿನ ಕಂಪ್ಯೂಟರಿನ ಸರದಿ. ಮೊಬೈಲಿನಲ್ಲಿ ಅಲ್ಲಿಯ ರೌಟರ್ ಪುಟ ತೆರೆದು ‘ವೇಕ್’, ಅಂದರೆ ಎಬ್ಬಿಸುವ ಗುಂಡಿ ಒತ್ತಿದೆ. ಕಳುಹಿಸಿದೆ ಎಂದಿತು. ಕಾದೆ... ಮತ್ತೆ ಒತ್ತಿದೆ. ಮತ್ತೆ ಕಳುಹಿಸಿದೆ ಎಂದಿತು. ಕಳುಹಿಸುವುದಕ್ಕೇನು, ದಿನವಿಡೀ ಕಳುಹಿಸುತ್ತದೆ. ಅಲ್ಲಿ ಅದಕ್ಕೆ ಕುಂಭಕರ್ಣನ ನಿದ್ದೆ.

ಸರ್‌ಗೆ ಫೋನ್ ಮಾಡಿದೆ. ಅದೇ ಮಾತು. “ನಿನ್ನನ್ನ ಬಿಡೋ ಮನಸ್ಸಿಲ್ಲಮ್ಮಾ. ಆದ್ರೆ ಡ್ರಾಯಿಂಗ್ ಸಾಫ್ಟ್‌ವೇರ್ ಇರೋದು ಅದೊಂದರಲ್ಲೇ. ರಾತ್ರಿಯೆಲ್ಲ ಆನ್ ಇಡೋಕೆ ನಾನು ಒಪ್ಪಲ್ಲ, ಕೆಳಗಡೆ ಅಂಗಡಿ ಸುಟ್ಟುಹೋಗಿದ್ದು ನೋಡಿದ್ದೀಯಲ್ಲ. ನೀನು ಕೆಲಸಕ್ಕೆ ಕೂರೋದು ಆಫೀಸ್ ತೆರೆಯೋಕ್ಕೆ ಮುಂಚೆ, ಆಗ ಆನ್ ಮಾಡೋಕೆ ಇಲ್ಲಿ ಯಾರೂ ಇರಲ್ಲ. ಮನೆಯಿಂದ ಎಬ್ಬಿಸೋಕಾದ್ರೆ ಎಬ್ಬಿಸು. ಈ ತಿಂಗಳು ಕಾಯ್ತೀನಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

ಕಂಬ, ತೊಲೆ, ಮೆಟ್ಟಿಲುಗಳ ನಕ್ಷೆ ಬರೆದುಕೊಂಡಿದ್ದವಳು ನಾನು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗಿನಿಂದ ಕೈಗೆ ಬೆಡ್‌ಪ್ಯಾನ್ ಬಂದಿದೆ. ಅವರ ತಪ್ಪೇನೂ ಅಲ್ಲ. ಆದರೂ ಸಾಕಾಗಿದೆ.

ಮಾರ್ಚ್ 4, ಮಂಗಳವಾರ

ನಾದಿನಿ ಬಂದು ಅತ್ತೆಯ ಹತ್ತಿರ ಕೂತಳು. ನಾನು ಆಫೀಸಿಗೆ ಹೋಗಿಬಂದೆ. ಅವಳು ಬಂದಾಗಿನಿಂದ ಮುಖ ಊದಿಸಿಕೊಂಡೇ ಇದ್ದಳು. “ಇವತ್ತೊಂದಿನ ತಾನೇ ಅತ್ತಿಗೆ? ಮನೇಲಿ ಹೊಲಿಯೋ ಬಟ್ಟೆ ರಾಶಿ ಬಿದ್ದಿದೆ.” ಒಂದೇ ದಿನ ಕಣೇ ಎಂದೆ.

ಕಂಪ್ಯೂಟರ್ ಶುರುವಾಗುವಾಗಲೇ ಕೀ ಒತ್ತಿ ಒಳಗಿನ ಸೆಟ್ಟಿಂಗ್ ಪುಟಕ್ಕೆ ಹೋದೆ. ಆಫ್ ಆದಮೇಲೆ ನೆಟ್‌ವರ್ಕ್ ಕಾರ್ಡಿಗೂ ಕರೆಂಟ್ ಕೊಡದಂತೆ ಯಾರೋ ಇಟ್ಟಿದ್ದಾರೆ, ಉಳಿತಾಯವಂತೆ. ಕಿವಿ ಮುಚ್ಚಿ ಮಲಗಿಸಿದರೆ ಕರೆದದ್ದು ಕೇಳುವುದಾದರೂ ಹೇಗೆ! ಬದಲಾಯಿಸಿದೆ. ಹಿಂಭಾಗದಲ್ಲಿ ಕೇಬಲ್ ಸಿಕ್ಕಿಸುವ ಕಡೆ ಈಗ ಪುಟ್ಟ ದೀಪ ಉರಿಯುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ನಮ್ಮ ಸ್ಟಾಪ್ ಬಂದರೂ ಇಳಿಯಬೇಕೆನಿಸಲಿಲ್ಲ.

ಮಾರ್ಚ್ 6, ಗುರುವಾರ

ನಿನ್ನೆ ಏಳಲಿಲ್ಲ. ಇವತ್ತು ಮತ್ತೆ ಹೋದೆ. ನಾದಿನಿ ಗೊಣಗುತ್ತಲೇ ಬಂದಳು, ಬಂದಳಲ್ಲ ಅಷ್ಟೇ ಪುಣ್ಯ.

ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗುವುದಿಲ್ಲವಂತೆ. ಬೆಳಿಗ್ಗೆ ಬೇಗ ಏಳಲೆಂದು ಅರೆನಿದ್ದೆಯಲ್ಲಿ ಇರುತ್ತದಂತೆ — ‘ಫಾಸ್ಟ್ ಸ್ಟಾರ್ಟಪ್’. ಅದಿದ್ದರೆ ದೂರದಿಂದ ಕರೆದಾಗ ಏಳದು. ಬೇಗ ಏಳುವ ಏರ್ಪಾಡೇ ಏಳದಂತೆ ಮಾಡುತ್ತದೆ! ಯಾವ ಮಹಾನುಭಾವರ ತಲೆಗೆ ಹೊಳೆಯಿತೋ. ತೆಗೆದುಹಾಕಿದೆ. ‘ಮ್ಯಾಜಿಕ್ ಪ್ಯಾಕೆಟ್’ಗೆ ಟಿಕ್ ಹಾಕಿದೆ. ಅದೇ ಎಬ್ಬಿಸುವ ಸಂದೇಶದ ಹೆಸರು. ಹೆಸರಿಗೇನೂ ಕಮ್ಮಿ ಇಲ್ಲ.

ಶಟ್‌ಡೌನ್ ಮಾಡಿ ಹೊರಗೆ ಮೆಟ್ಟಿಲ ಮೇಲೆ ನಿಂತು ಮೊಬೈಲಿನಿಂದ ಒತ್ತಿದೆ. ಒಳಗಿಂದ ಮಫ್ಲರ್ ಕೂಗು — “ಮೇಡಂ, ಮೇಡಂ! ಯಾರೂ ಮುಟ್ಟಿಲ್ಲ, ತಾನಾಗೇ ಆನ್ ಆಯ್ತು!” ಮಫ್ಲರ್ ಎಂದರೆ ನಮ್ಮ ಅಕೌಂಟೆಂಟ್, ಸುಡುಬಿಸಿಲಲ್ಲೂ ಕುತ್ತಿಗೆಗೆ ಸುತ್ತಿಕೊಂಡಿರುವವರು. ಸಂಜೆ ಎಲ್ಲ ಸ್ವಿಚ್ ಆರಿಸಿ ಬೀಗ ಹಾಕುವುದು ಅವರೇ. ನನ್ನ ಪ್ಲಗ್ ಮೇಲೆ ‘ದಯವಿಟ್ಟು ಆರಿಸಬೇಡಿ’ ಎಂದು ಚೀಟಿ ಅಂಟಿಸಿ ಬಂದೆ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ

ಏಳಲಿಲ್ಲ. ಹಾಳಾಗಿ ಹೋಗಲಿ.

ಮಾರ್ಚ್ 11, ಮಂಗಳವಾರ

ಮತ್ತೆ ಆಫೀಸು. ಹಗಲು ಎಷ್ಟು ಸಲ ಮಲಗಿಸಿದರೂ ಒಂದೇ ಕರೆಗೆ ಏಳುತ್ತದೆ, ಒಳ್ಳೆಯ ಮಗುವಿನ ಹಾಗೆ. ಬೆಳಿಗ್ಗೆ ಮನೆಯಿಂದ ಕರೆದರೆ ಮಾತ್ರ ಇಲ್ಲ. ಮಫ್ಲರ್ ಮೇಲೆ ಅನುಮಾನ. ಕೇಳಿದೆ. “ನಿಮ್ಮ ಪ್ಲಗ್ ಹತ್ತಿರವೂ ಸುಳಿದಿಲ್ಲ ಮೇಡಂ, ದೇವರಾಣೆ.” ನಂಬಿದೆ. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು.

ಹೋದ ನೆಪಕ್ಕೆ ಒಂದು ಮೆಟ್ಟಿಲ ನಕ್ಷೆ ಮುಗಿಸಿದೆ. ಯಾರೂ ಕರೆಯಲಿಲ್ಲ. ಟೀ ಬಿಸಿಯಿರುವಾಗಲೇ ಕುಡಿದೆ.

ಒಂದು ವಿಚಿತ್ರ. ಬೆಳಿಗ್ಗೆ ಅದು ಏಳದಿದ್ದಾಗ ನನಗೆ ಬೇಜಾರೇ ಆಗಲಿಲ್ಲ. ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ. ಕೆಲಸ ಹೋಗುವ ಹೊತ್ತಿನಲ್ಲಿ ಇದೆಂಥ ಬುದ್ಧಿ ನನ್ನದು...

ಮಾರ್ಚ್ 18, ಮಂಗಳವಾರ

ಬರೆಯಲು ಆಗಿರಲಿಲ್ಲ. ಅತ್ತೆಗೆ ಜ್ವರ, ಬೆನ್ನಲ್ಲಿ ಹುಣ್ಣು. ಹೊರಳಿಸು, ಒರೆಸು, ಪೌಡರ್ ಹಾಕು, ಮತ್ತೆ ಹೊರಳಿಸು. ಇವರು ಲಿಫ್ಟ್ ರಿಪೇರಿ ಮುಗಿಸಿ ಬರುವುದು ಕತ್ತಲಾದಮೇಲೆ. ಬಂದು ಅಮ್ಮನ ಕಾಲು ಹಿಡಿದುಕೊಂಡು ಕೂರುತ್ತಾರೆ, ಪಾಪ. ಅಷ್ಟು ಹೊತ್ತಿಗೆ ಹಿಡಿಯಬೇಕಾದ್ದೆಲ್ಲ ನಾನು ಹಿಡಿದಾಗಿರುತ್ತದೆ.

ಇವತ್ತು ಜ್ವರ ಬಿಟ್ಟಿತು. ಸರ್ ಫೋನ್: “ಏನಾಯ್ತಮ್ಮಾ?” ಇನ್ನೇನು ಹೇಳಲಿ. ನಾಳೆ ಹೋಗಿ ಸಂಜೆ ಬೀಗ ಹಾಕುವವರೆಗೂ ಅಲ್ಲೇ ಇರುತ್ತೇನೆ. ಏನು ನಡೆಯುತ್ತದೋ ಕಣ್ಣಾರೆ ನೋಡಿಬಿಡುತ್ತೇನೆ.

ಮಾರ್ಚ್ 19, ಬುಧವಾರ

ಕಳ್ಳ ಸಿಕ್ಕ!

ಸಂಜೆ ಮಫ್ಲರ್ ಫ್ಯಾನ್ ಆರಿಸಿದರು, ಲೈಟ್ ಆರಿಸಿದರು. ನನ್ನ ಪ್ಲಗ್ ಹತ್ತಿರ ಬಂದು ಚೀಟಿ ಓದಿ, ಕೈ ಹಿಂದೆ ಕಟ್ಟಿಕೊಂಡು ದಾಟಿ ಹೋದರು. ಆಮೇಲೆ ತಮ್ಮ ಮೇಜಿನ ಕೆಳಗೆ ಬಗ್ಗಿದರು. ಟಕ್.

ಓಡಿ ಹೋಗಿ ನೋಡಿದೆ. ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಡಬ್ಬಿ. ರೌಟರಿನಿಂದ ನನ್ನ ಕಂಪ್ಯೂಟರಿಗೆ ದಾರಿ ಅದೊಂದೇ. ರೌಟರ್ ಸರ್ ರೂಮಿನಲ್ಲಿ ಬೀಗದೊಳಗಿದೆ, ಇವರ ಕೈಗೆ ಸಿಗದೆ ಬಚಾವ್.

“ಇದನ್ನ ದಿನಾ ಆರಿಸ್ತೀರಾ?”

“ಹೂಂ ಮೇಡಂ. ಮಿಣಮಿಣ ಅಂತ ಇರುತ್ತಲ್ಲ, ಏನೋ ಉರೀತಿದೆ ಅಂತ ಭಯ. ಬೆಳಿಗ್ಗೆ ಬಂದ ತಕ್ಷಣ ಹಾಕ್ತೀನಿ. ನಿಮ್ಮದು ಮುಟ್ಟಿಲ್ಲ!”

ನಗಬೇಕೋ ಅಳಬೇಕೋ. ಇಷ್ಟು ದಿನ ಕಂಪ್ಯೂಟರಿನ ಹೊಟ್ಟೆ ಬಗೆದು ನೋಡಿದ್ದಾಯಿತು, ದಾರಿ ಕಟ್ಟಾಗಿದೆಯಾ ಎಂದು ನೋಡಲಿಲ್ಲ ನಾನು. ಅದನ್ನೂ ಆರಿಸಬೇಡಿ ಎಂದು ಕೈ ಮುಗಿದು ಬಂದೆ.

ನಾದಿನಿ ಬಾಗಿಲಲ್ಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. “ನಾಳೆ ಎದ್ರೆ ಫೋನ್ ಮಾಡಿ ಅತ್ತಿಗೆ, ನಾನು ಬರೋದು ತಪ್ಪುತ್ತೆ.” ಇವರು ಊಟಕ್ಕೆ ಕೂತಾಗ ಖುಷಿಯಿಂದ — “ಎದ್ದುಬಿಟ್ರೆ ಮುಗೀತು ನೋಡು. ಇನ್ನು ನೀನು ಹೊಸ್ತಿಲು ದಾಟೋದೇ ಬೇಡ. ಆರಾಮ.” ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಬೈಯಲು ಆಗಲಿಲ್ಲ.

ಮಾರ್ಚ್ 20, ಗುರುವಾರ. ಬೆಳಿಗ್ಗೆ

ಎದ್ದಿತು. ಒತ್ತಿದ ತಕ್ಷಣ.

ಸರ್‌ಗೆ ಮೆಸೇಜ್ ಹಾಕಿದೆ. ‘ಭೇಷ್! ಇನ್ನು ಬೇರೆಯವರನ್ನ ನೋಡಲ್ಲ. ಮನೆಯಿಂದಾದ್ರೂ ಮಾಡು, ಬಂದಾದ್ರೂ ಮಾಡು.’ ಕೆಲಸ ಉಳಿಯಿತು. ಕುಣಿದಾಡಬೇಕಿತ್ತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಯಾರು ಓದುತ್ತಾರೆ ಇದನ್ನು, ಬರೆದೇಬಿಡುತ್ತೇನೆ. ಏಳದಿದ್ದರೆ ಚೆನ್ನಾಗಿತ್ತು. ಏಳದೇ ಇದ್ದದ್ದರಿಂದಲೇ ನಾನು ಮನೆ ಬಿಟ್ಟು ಹೊರಗೆ ಹೋದದ್ದು. ಈ ಎರಡು ಕೋಣೆಯಲ್ಲೇ ನಕ್ಷೆ, ಬೆಡ್‌ಪ್ಯಾನ್, ನಿದ್ದೆ ಎಲ್ಲ — ನನಗೆ ಉಸಿರು ಕಟ್ಟುತ್ತದೆ.

ನಾದಿನಿಗೆ ಫೋನ್ ಮಾಡಬೇಕು. ಕೈಯಲ್ಲೇ ಇದೆ ಫೋನ್.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಅತ್ತೆಯ ತಲೆ ಬಾಚುತ್ತಿದ್ದೆ. “ಎದ್ದಿದೆ ಅಲ್ವೇನೇ ನಿನ್ನ ಕಂಪ್ಯೂಟ್ರು?” ಎಂದರು. ಹೂಂ ಎಂದೆ.

“ಗೊತ್ತಾಯ್ತು. ಕೂದಲು ಬುಡಸಮೇತ ಬರ್ತಿದೆ. ನೀನು ಆಚೆ ಹೋಗಿ ಬಂದ ದಿನ ಬಾಚೋ ಕೈಯೇ ಬೇರೆ ಕಣೇ. ಏಳ್ಲಿಲ್ಲ ಅಂದುಬಿಡು. ಯಾರು ಹೋಗಿ ನೋಡ್ತಾರೆ?”

“ಸುಳ್ಳು ಹೇಳ್ಲಾ ಅತ್ತೆ?”

“ನೀನ್ಯಾಕೆ ಹೇಳ್ತೀಯಾ? ನಾನಿದ್ದೀನಿ. ಬಿದ್ದಲ್ಲೇ ಬಿದ್ದಿದ್ದೀನಿ, ಒಂದು ಸುಳ್ಳಾದ್ರೂ ಹೇಳಿ ಉಪಕಾರ ಮಾಡ್ತೀನಿ.”

ಅಷ್ಟರಲ್ಲಿ ನಾದಿನಿಯದೇ ಫೋನ್ ಬಂತು. ಹಿಂದೆ ಹೊಲಿಗೆ ಮಷಿನ್ ಗಡಗಡ. “ಏನಾಯ್ತು ಅತ್ತಿಗೆ? ಬರ್ಬೇಕಾ?” ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಂಚದಿಂದ ಗಂಟಲು ಹರಿಯುವಂತೆ ಕೂಗಿದರು — “ಏಳ್ಲಿಲ್ಲಂತೆ ಕಣೇ! ಬಾ! ಬೇಗ ಬಾ!”

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆಗಲಿಲ್ಲ ನನಗೆ. “ಎದ್ದಿದೆ,” ಎಂದೆ. “ಕೆಲಸ ಇಲ್ಲಿಂದಲೇ ಮಾಡ್ಬಹುದು. ಆದ್ರೂ ನೀನು ಬಾ. ವಾರಕ್ಕೆ ಎರಡು ದಿನ ಬಾ. ಬಟ್ಟೆ ಇಲ್ಲಿಗೇ ತಂದು ಹೊಲಿ. ನನಗೆ ಆಚೆ ಹೋಗ್ಬೇಕು ಕಣೇ. ಇಲ್ಲಾಂದ್ರೆ ನಾನು ಉಳಿಯಲ್ಲ.”

ಮಷಿನ್ ಸದ್ದು ನಿಂತಿತು. ಅತ್ತೆ ತಲೆ ಚಚ್ಚಿಕೊಂಡರು.

“ಅಳ್ಬೇಡಿ ಅತ್ತಿಗೆ,” ಎಂದಳು ನಾದಿನಿ. “ದಾರ ಮುಗಿದಿದೆ, ಅಂಗಡಿ ಮೇಲಿಂದ ಬರ್ತೀನಿ. ಅಷ್ಟೊತ್ತಿಗೆ ಬಟ್ಟೆ ಹಾಕ್ಕೊಂಡು ರೆಡಿ ಇರಿ.”

ನಾನು ಅಳುತ್ತಿದ್ದೆನೇ? ಗೊತ್ತೇ ಆಗಿರಲಿಲ್ಲ. ಅತ್ತೆ ಬೈಯುತ್ತಲೇ ಇದ್ದಾರೆ, ಒಳ್ಳೇ ಸುಳ್ಳನ್ನ ಹಾಳು ಮಾಡಿದೆ ಅಂತ. ಇವರಿಗೆ ಇನ್ನೂ ಹೇಳಬೇಕು. ಸಂಜೆ ಹೇಳುತ್ತೇನೆ, ನಿಂತೇ ಹೇಳುತ್ತೇನೆ. ಹೊಸ್ತಿಲು ದಾಟುವುದು ನನಗೆ —

ಗೇಟಿನ ಸದ್ದು. ಬಂದಳು.