ಎಡಗೈ ಅವರದು, ಬಲಗೈ ನನ್ನದು

ಷಾರ್ಲೆಟ್, ನಾರ್ತ್ ಕ್ಯಾರೊಲೈನಾ
11 ಅಕ್ಟೋಬರ್ 2022

ಪ್ರೀತಿಯ ತಮ್ಮ ಈರಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಗದಗಿನ ಡಾಕ್ಟರರನ್ನೆಲ್ಲ ಬೈದುಕೊಂಡು ಕೂತಿದ್ದೀಯೋ? ನಾನು ಆರಾಮಾಗಿದ್ದೇನೆ. ಆರಾಮು ಎಂದರೆ ಮೈಗೆ. ತಲೆಯನ್ನು ಮಾತ್ರ ತೊಂಬತ್ತೇಳು ವರ್ಷದ ಮುದುಕರೊಬ್ಬರು ತಿಂದುಹಾಕಿದ್ದಾರೆ.

ಆಲ್ವಿನ್ ಪ್ರಿಚೆಟ್ ಎಂದು ಅವರ ಹೆಸರು. ನಮ್ಮ ನಮ್ರತಾ ಫಿಜಿಯೊಥೆರಪಿ ಕೆಲಸ ಮಾಡುವ ವೃದ್ಧಾಶ್ರಮದಲ್ಲಿದ್ದಾರೆ. ಕಾರಿಲ್ಲದೆ ನಾನು ಮನೆಯೊಳಗೇ ಬಂದಿಯಾಗುತ್ತೇನೆಂದು ಮಗಳು ಮಂಗಳವಾರ, ಗುರುವಾರ ನನ್ನನ್ನೂ ಅಲ್ಲಿಗೆ ಕರೆದೊಯ್ಯುತ್ತಾಳೆ. ಆಲ್ವಿನ್ ಹದಿನೇಳನೇ ವಯಸ್ಸಿಗೇ ಜಾಝ್ ಬ್ಯಾಂಡೊಂದರ ಪಿಯಾನೊ ವಾದಕರು. ಇಡೀ ದೇಶವೇ 'ಸ್ವಿಂಗ್' ಎಂಬ ಆ ಸಂಗೀತಕ್ಕೆ ಕುಣಿಯುತ್ತಿದ್ದ ಕಾಲವಂತೆ ಅದು. ಹದಿನಾಲ್ಕು ಜನ ಕಪ್ಪು ಹುಡುಗರು ಒಂದೇ ಬಸ್ಸಿನಲ್ಲಿ ಊರೂರು ಅಲೆದು, ಬಿಳಿಯರ ಹಾಲ್‌ಗಳಿಗೆ ಅಡುಗೆಮನೆ ಬಾಗಿಲಿನಿಂದ ಒಳಹೋಗಿ ನುಡಿಸಿ, ಹೋಟೆಲಿನಲ್ಲಿ ಜಾಗ ಕೊಡದ ಕಾರಣ ಬಸ್ಸಿನಲ್ಲೇ ಮಲಗುತ್ತಿದ್ದರಂತೆ. ಎರಡು ರೆಕಾರ್ಡು ಬಂದವು. ಎರಡರಲ್ಲೂ ಅವರ ಹೆಸರಿಲ್ಲ. ಯುದ್ಧ ಮುಗಿದ ಮೇಲೆ ಬ್ಯಾಂಡು ಒಡೆಯಿತು. ಆಮೇಲೆ ಮೂವತ್ತು ವರ್ಷ ಇದೇ ಊರಲ್ಲಿ ಟಪಾಲು ಹಂಚಿದರು, ಭಾನುವಾರ ಚರ್ಚಿನಲ್ಲಿ ನುಡಿಸಿದರು. ಇದನ್ನೆಲ್ಲ ಅವರು ನಗುತ್ತ ಹೇಳುತ್ತಾರೆ. ಸಿಟ್ಟು ಬರುವುದು ನನಗೆ.

ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು. ಅಂದಿನಿಂದ ಆಶ್ರಮದ ಹಾಲ್‌ನಲ್ಲಿರುವ ಪಿಯಾನೊ ಮುಟ್ಟಿರಲಿಲ್ಲ. ನಮ್ರತಾ ಸುಮ್ಮನಿರಬೇಕೋ ಬೇಡವೋ? "ಅವ್ವಾ, ಹಾರ್ಮೋನಿಯಂದಾಗ ನಿಂದು ಬಲಗೈ ಓಡ್ತದ, ಅವ್ರಿಗೆ ಎಡಗೈ ಉಳದದ. ಇಬ್ರೂ ಕೂಡಿ ಟ್ರೈ ಮಾಡ್ರಲಾ" ಎಂದಳು. ಮದುವೆಯಾದ ಮೇಲೆ ಐವತ್ತೆರಡು ವರ್ಷ ಮುಟ್ಟಿಲ್ಲ ಎಂದರೂ ಬಿಡಲಿಲ್ಲ.

ಕೂತೆ. ಅವರ ಎಡಗೈ ರೈಲಿನ ಹಾಗೆ ಹೊರಟಿತು. ಅಪ್ಪ ನಾಟಕ ಕಂಪನಿಯಲ್ಲಿ ನುಡಿಸುತ್ತಿದ್ದ ಭೈರವಿಯನ್ನು ನಾನು ಹಿಡಿದೆ. ನಾಲ್ಕು ಆವರ್ತನವಾಗಲಿಲ್ಲ, ಕೈ ನಿಲ್ಲಿಸಿಬಿಟ್ಟರು. "ಇಷ್ಟು ಅವಸರ ಯಾಕೆ, ಗಂಗಾ? ಬಸ್ಸು ನಿನ್ನನ್ನು ಬಿಟ್ಟು ಹೋಗೋದಿಲ್ಲ." ನಮ್ಮಪ್ಪನ ಮಗಳಿಗೆ ತಾಳ ಕಲಿಸಲು ಬಂದಿದ್ದಾರೆ! ಎರಡು ತಿಂಗಳಾಯಿತು, ಪ್ರತಿ ಸಲ ಇದೇ ಮಾತು. ತಾಳ ಬಿದ್ದ ಮೇಲೆ ಕೂದಲೆಳೆಯಷ್ಟು ತಡೆದು ಸ್ವರ ಹಾಕಬೇಕಂತೆ. ಅಪ್ಪನೆದುರು ಹಾಗೆ ಮಾಡಿದ್ದರೆ ಬೆರಳಿಗೆ ಏಟು ಬೀಳುತ್ತಿತ್ತು. ಕಳೆದ ಗುರುವಾರ ರೇಗಿಹೋಗಿ, "ನಿಮಗೆ ಬೇಕಾದ್ದನ್ನು ನೀವೇ ನುಡಿಸಿಕೊಳ್ಳಿ" ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿ ಎದ್ದುಬಿಟ್ಟೆ. ಅವರು ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಕೀಲಿಮಣೆಯ ಮೇಲಿಟ್ಟರು. "ಇದು ನನ್ನ ಮಾತು ಕೇಳ್ತಿಲ್ಲ. ಅದಕ್ಕೇ ನಿನಗೆ ಹೇಳ್ತೀನಿ" ಎಂದರು.

ಮತ್ತೆ ಕೂತೆ, ಇನ್ನೇನು ಮಾಡಲಿ? ಸಿಟ್ಟಿನಲ್ಲೇ ತಡೆದು ತಡೆದು ನುಡಿಸಿದೆ. ವಾಕರ್ ಹಿಡಿದ ಒಬ್ಬಾಕೆ ನಿಂತಲ್ಲೇ ಸೊಂಟ ಆಡಿಸತೊಡಗಿದಳು, ಆಲ್ವಿನ್ "ಬಂತು, ಬಂತು!" ಎಂದು ಕೂಗಿದರು. ಏನು ಬಂತೋ, ನನಗಿನ್ನೂ ಗೊತ್ತಿಲ್ಲ. ಈ ಭಾನುವಾರ ಮಧ್ಯಾಹ್ನ ಎಲ್ಲರೆದುರು ನುಡಿಸಬೇಕಂತೆ. ನನ್ನನ್ನೊಂದು ಮಾತು ಕೇಳದೆ ಬೋರ್ಡನ್ನೂ ಬರೆಸಿದ್ದಾರೆ. ಎರಡು ಹೆಸರಿವೆ, ನನ್ನದು ಮೇಲೆ.

ನಾನು ಕೇಳಿದೆನೆಂದು ಚನ್ನಮ್ಮನಿಗೆ ಹೇಳು. ಬಸವಣ್ಣ ನಿಮ್ಮಿಬ್ಬರಿಗೂ ಒಳ್ಳೆಯ ನಿದ್ದೆ ಕೊಡಲಿ, ನಿನಗೆ ಒಂದಿಷ್ಟು ತಾಳ್ಮೆಯನ್ನೂ.

ನಿನ್ನ ಅಕ್ಕ,
ಗಂಗಾಂಬಿಕಾ

ತಾ.ಕ.: ಅಪ್ಪನ ಹಾರ್ಮೋನಿಯಂ ಅನ್ನು ನಿನ್ನ ಮಗ ಯಾವುದೋ ಶಾಲೆಗೆ ಕೊಡುತ್ತಾನಂತೆ. ಕೊಡಕೂಡದು. ನನ್ನ ಮದುವೆಯ ದಿನ ಅಪ್ಪ ಅದನ್ನು ಜೀಪಿನಲ್ಲಿ ಇರಿಸಿದ್ದರು. "ಸೊಸಿಯಾಗಿ ಹೋಗಾಕಿಗೆ ಪೇಟಿ ಯಾಕ" ಎಂದು ಕೆಳಗಿಳಿಸಿದವನು ನೀನು. ಡಿಸೆಂಬರಿನಲ್ಲಿ ಬರುತ್ತೇನೆ. ಒರೆಸಿಡು. ಅದು ನನ್ನದು.