ತಂಬೂರಿಯ ಜೀವ

ಮಸ್ಕಿ
೧೨–೯–೧೯೯೧

ಚಿ.ಸೌ. ತಂಗಿ ವೀರಭದ್ರಮ್ಮನಿಗೆ ಅಕ್ಕ ಕಸ್ತೂರೆಮ್ಮನ ಆಶೀರ್ವಾದಗಳು.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀ, ಬೈದುಕೋ. ಮಗಳು ಅಮರಮ್ಮ ಹೋದ ಮೇಲೆ ಅವಳ ಹೆಸರು ಬರೆಯಲು ಕೈಯೇ ಬರಲಿಲ್ಲ. ಇವತ್ತು ಬರೆದೆ ನೋಡು.

ನಿನ್ನ ಭಾವನವರು ಅಂಗಡಿಯಿಂದ ಬಂದವರೇ ತಂಬೂರಿ ಹಿಡಿದು ಪಡಸಾಲೆಯಲ್ಲಿ ಕೂಡುತ್ತಾರೆ. ಹಾಡುವುದಿಲ್ಲ, ಬರೀ ಶ್ರುತಿ. ಆ ಸದ್ದು ತಡೆಯಲಾರದೆ ನಾನು ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ.

ತಂಬೂರಿ ಅಂದರೆ ಅಪ್ಪ-ಮಗಳಿಬ್ಬರಿಗೂ ಹುಚ್ಚು. ತಂತಿ ಇಡಿಯಾಗಿ ಅಲುಗುವಾಗಲೇ ಎರಡು ಪಾಲಾಗಿ, ಮೂರು ಪಾಲಾಗಿ, ಐದು ಪಾಲಾಗಿಯೂ ಅಲುಗುತ್ತದಂತೆ; ಪಾಲು ಸಣ್ಣದಾದಷ್ಟೂ ಸ್ವರ ಮೇಲೇರುತ್ತದಂತೆ. ಷಡ್ಜ ಮೀಟಿದರೆ ಐದನೇ ಪಾಲಿನಿಂದ ಗಾಂಧಾರ ತಾನಾಗಿ ಏಳುತ್ತದೆ ಎಂದು ಅವರು ಅವಳಿಗೆ ಹೇಳಿಕೊಟ್ಟಿದ್ದರು. ಅದು ಕೇಳಬೇಕಾದರೆ, ತಂತಿಗಳನ್ನು ಹೊರುವ ಪಟ್ಟಿ ಇದೆಯಲ್ಲ, ಆ ಕುದುರೆಯ ಮೇಲೆ, ತಂತಿಯ ಅಡಿಗೆ, ಒಂದೆಳೆ ನೂಲು ಸರಿಯಾದ ಕಡೆ ಕೂಡಬೇಕು. ಆ ನೂಲಿಗೇ ಜೀವ ಅನ್ನುತ್ತಾರೆ. ತುಸು ಸರಿದರೂ ತಂತಿ ಮೊದ್ದಾಗುತ್ತದೆ. ನನಗೆ ಎಲ್ಲಾ ಒಂದೇ ಗುಂಯ್. ಅಮರಮ್ಮನ ಕಿವಿ ಮಾತ್ರ ಬಲು ಚುರುಕು. ಲಿಂಗಸುಗೂರಿನ ಡಾಕ್ಟರು ಅವಳ ಎದೆ ನೋಡಿ ಕೈಚೆಲ್ಲಿದ ಮೇಲೂ, ಒಳಗೆ ಮಲಗಿದಲ್ಲಿಂದಲೇ "ಅಪ್ಪಾ, ಜೀವ ಹ್ವಾತು ನೋಡು" ಅನ್ನುತ್ತಿದ್ದಳು. ಅಂಥ ಮಾತು ಆಡಬೇಡವೇ ಎಂದು ನಾನು ಬೈದರೆ ಇಬ್ಬರೂ ನಗುತ್ತಿದ್ದರು.

ಈಗ ಮನೆಗೆ ಬಂದವರಿಗೆಲ್ಲಾ ಇವರದು ಒಂದೇ ಮಾತು. "ನನ್ನ ಮಗಳು ಸಾಯೂ ಹೊತ್ತಿನ್ಯಾಗೂ ಶ್ರುತಿ ಬಿಡಲಿಲ್ಲ. ಅಪ್ಪಾ, ಜೀವ ಹೋಗಾಕತ್ತೈತಿ ಅಂದ್ಲು. ಹೊಂದಿಸ್ತೀನಿ ತಡಿಯವ್ವಾ ಅಂದೆ. ಗಾಂಧಾರ ಕೇಳಿಕೋತ ಹ್ವಾದ್ಲು." ಹೇಳುವಾಗ ಅವರ ಮುಖ ನೋಡಬೇಕು ನೀನು. ಆ ಒಂದು ಮಾತಿನ ಮೇಲೆಯೇ ಮನುಷ್ಯ ಎರಡು ತುತ್ತು ಉಣ್ಣುತ್ತಿದ್ದಾರೆ.

ಮಹಾನವಮಿಗೆ ಬರುತ್ತೇನೆಂದು ಬರೆದಿದ್ದೀ, ಬಾ. ನಿನಗೂ ಹೇಳುತ್ತಾರೆ. ಹೌದೌದು ಅನ್ನು, ಮಾತು ಬೆಳೆಸಬೇಡ. ಸಿಂಧನೂರಿನಲ್ಲಿ ಎಲ್ಲರೂ ಚೆನ್ನಾಗಿರಿ. ನಿನ್ನ ಮಕ್ಕಳು ನಿನ್ನ ಕಣ್ಣ ಮುಂದೆ ಬೆಳೆಯಲಿ, ನಿನ್ನ ನಂತರವೂ ಇರಲಿ.

ಇಂತಿ ನಿನ್ನ ಅಕ್ಕ
ಕಸ್ತೂರೆಮ್ಮ

ತಾ.ಕ.: ಅವಳ ಕೈ ನನ್ನ ಕೈಯಲ್ಲಿತ್ತು ವೀರಾ. ಅವಳು ಹೇಳಿದ್ದು ನೂಲಿನ ಮಾತಲ್ಲ. "ಅಪ್ಪಾ, ಜೀವ ಹೋಗಾಕತ್ತೈತಿ, ಬಾ" ಅಂದಳು. ತಂತಿಯ ಸದ್ದಿನಲ್ಲಿ ಕಡೆಯ ಆ "ಬಾ" ಪಡಸಾಲೆಯಲ್ಲಿದ್ದ ಅವರಿಗೆ ಕೇಳಲಿಲ್ಲ. ನಾನು ಕೂಗುವಷ್ಟರಲ್ಲಿ, ಬಾಗಿಲ ಕಡೆ ನೋಡುತ್ತಲೇ ಹೋಗಿಬಿಟ್ಟಳು. ಅವರು ನೂಲು ಹೊಂದಿಸಿ, ತಂತಿ ಮೀಟಿ, "ಈಗ ಸರಿಯಾತೇನವ್ವಾ?" ಎಂದು ಕೇಳಿದರು. ನಾನೇ ಹೂಂ ಅಂದೆ.