ಮಂದಿ ರೊಕ್ಕ

ಐವಾನ್-ಎ-ಶಾಹಿ ಹಿಂದಿನ ಓಣಿ, ಕಲಬುರಗಿ
೨೦ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ತಮ್ಮ ಅಣವೀರಪ್ಪನಿಗೆ,

ನಿನ್ನ ಅಕ್ಕ ಚಂದಮ್ಮನ ತುಂಬು ಮನಸ್ಸಿನ ಆಶೀರ್ವಾದ. ನಾವಿಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿನ್ನ ಆರೋಗ್ಯ ಹೇಗಿದೆ ಎಂದು ನಿನ್ನನ್ನು ಕೇಳಿ ಉಪಯೋಗವಿಲ್ಲ, ಎದೆ ಹಿಡಿದುಕೊಂಡೇ "ಆರಾಮ ಅದೀನಿ" ಅನ್ನುವ ಪೈಕಿ ನೀನು. ಅದಕ್ಕೆ ಕಾಶಮ್ಮನನ್ನೇ ಕೇಳಿದ್ದೇನೆ. ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂಡುತ್ತೀಯಂತೆ. ಯಾಕೆ ಎಂದರೆ ಮಂದಿಯನ್ನು ಮಾತಾಡಿಸುತ್ತ ಕೂತಿದ್ದೆ ಎನ್ನುತ್ತೀಯಂತೆ. ಹೊಲಿಗೆ ಯಂತ್ರದ ಮುಂದೆ ಕೂತರೆ ದಿನಕ್ಕೆ ನಾಲ್ಕು ಮಾತಾಡದ ನೀನು ಯಾವಾಗಿನಿಂದ ಇಷ್ಟು ಹರಟೆಮಲ್ಲನಾದೆಯಪ್ಪಾ? ಗಂಡನ ಸುಳ್ಳು ಹಿಡಿಯುವುದು ನಿನ್ನ ಹೆಂಡತಿಗೆ ಗೊತ್ತಿದೆ, ಪಾಪ, ಹಿಡಿದು ಏನು ಮಾಡಬೇಕೆಂದು ಮಾತ್ರ ಗೊತ್ತಿಲ್ಲ. ರಾತ್ರಿ ದಿಂಬು ಎತ್ತರಿಸಿಕೊಂಡು ಮಲಗು. ಉಪ್ಪಿನಕಾಯಿ ಬಿಡು. ಬೀಡಿಯ ವಿಷಯ ಮುಂದೆ ಬರುತ್ತದೆ.

ಫೋನ್ ಇರುವಾಗ ಅಕ್ಕ ಯಾಕೆ ಕಾಗದ ಬರೆದಳು ಎಂದುಕೊಳ್ಳುತ್ತೀಯ. ಫೋನಿನಲ್ಲಿ ದವಾಖಾನೆ ಎಂಬ ಮಾತು ಬಂದ ಕೂಡಲೇ "ಅಕ್ಕಾ, ಗಿರಾಕಿ ಬಂದಾರ, ಇಡ್ತೀನಿ" ಎನ್ನುತ್ತೀಯ. ರಾತ್ರಿ ಊಟದ ಹೊತ್ತಿಗೂ ನಿನಗೆ ಗಿರಾಕಿ! ಕಾಗದವಾದರೆ ಹಾಗೆ ಇಡಲು ಬರುವುದಿಲ್ಲ. ಅದೂ ಅಲ್ಲದೆ ಈ ಅಕ್ಷರಗಳು ನಿನ್ನವೇ. ನಾನು ಶಾಲೆಯ ಬಾಗಿಲು ಕಂಡವಳಲ್ಲ. ಅಪ್ಪ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು ಕದ್ದು, ನಮ್ಮ ಮನೆಯ ಶಹಾಬಾದ ಬಂಡೆಯ ಮೇಲೆ ಅ, ಆ ಬರೆದು, "ತಿದ್ದು ಅಕ್ಕಾ" ಎಂದವನು ಎರಡನೆಯ ಇಯತ್ತೆಯ ನೀನು. ನಾನು ತಪ್ಪಿದರೆ ನೀನು ನಿನ್ನ ಮಾಸ್ತರರ ಹಾಗೆ ಕೈಮೇಲೆ ಹೊಡೆಯುತ್ತಲೂ ಇದ್ದೆ. ಅದರ ಸೇಡು ಇವತ್ತು ತೀರಿಸಿಕೊಳ್ಳುತ್ತೇನೆ. ಕೂತು ಪೂರ್ತಿ ಓದು.

ನನ್ನ ಮಗ ಗುರುಪ್ರಸಾದ ಜಗತ್ ಸರ್ಕಲ್ಲಿನ ಅದೇ ಬಟ್ಟೆ, ಹೊಲಿಗೆ ಸಾಮಾನಿನ ಅಂಗಡಿಯಲ್ಲೇ ಕೆಲಸಕ್ಕಿದ್ದಾನೆ. ಅವನ ಮಗಳು ಸೃಷ್ಟಿ ಎಂಟನೆಯದರಲ್ಲಿ ಓದುತ್ತಾಳೆ, ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಇನ್ನು ನಿನ್ನ ವಿಷಯ.

ಹೋದ ತಿಂಗಳು ಸೇಡಂ ರಸ್ತೆಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ನಿನ್ನ ಎದೆಯ ಮೂರು ನರ ಕಟ್ಟಿವೆ, ಬೈಪಾಸ್ ಆಗಲೇಬೇಕು, ತಡ ಮಾಡಬೇಡಿ ಎಂದರು. ನಿಮ್ಮೂರು ಕಮಲಾಪುರದ ಸರ್ಕಾರಿ ದವಾಖಾನೆಯಿಂದ ನೀನು ಚೀಟಿ ತಂದಿದ್ದೆ, ಆಯುಷ್ಮಾನ್ ಕಾರ್ಡೂ ಇತ್ತು, ತಾರೀಖೂ ಕೊಟ್ಟರು. ಆ ತಾರೀಖಿನ ದಿನ ನಾನು ಬುತ್ತಿ ಕಟ್ಟಿಕೊಂಡು ದವಾಖಾನೆಯ ಬಾಗಿಲಲ್ಲಿ ಹನ್ನೆರಡರ ತನಕ ನಿಂತೆ. ನೀನು ಬರಲಿಲ್ಲ. ಆಮೇಲೆ ಕಾಶಮ್ಮ ಅಳುತ್ತ ಹೇಳಿದಳು. ಹಿಂದಿನ ದಿನ ನಿಮ್ಮ ಓಣಿಯ ವಿವೇಕಾನಂದ, ಬ್ಯಾಂಕಿನ ನೌಕರ, ಪ್ಯಾಂಟಿನ ಸೊಂಟ ಬಿಡಿಸಲು ನಿನ್ನ ಅಂಗಡಿಗೆ ಬಂದಿದ್ದನಂತೆ. ಪೇಪರ್ ಓದುತ್ತ, "ನಾವು ಟ್ಯಾಕ್ಸ್ ಕಟ್ಟಿ ಕಟ್ಟಿ ಸಾಯ್ತೀವಿ ಕಾಕಾ, ಮಂದಿ ಕಾರ್ಡ್ ತೋರಿಸಿ ಪುಕ್ಕಟೆ ಆಪರೇಷನ್ ಮಾಡಿಸ್ಕೋತಾರ" ಎಂದನಂತೆ. ನಿನ್ನ ಕಾಯಿಲೆ ಅವನಿಗೆ ಗೊತ್ತಿರಲಿಲ್ಲ, ನೀನು ಹೇಳಿರಲಿಲ್ಲ. ಅವನ ಸೊಂಟ ಎರಡು ಇಂಚು ಬಿಡಿಸಿ ಕೊಟ್ಟು, ಕಾರ್ಡನ್ನು ಟ್ರಂಕಿನ ತಳದಲ್ಲಿ ಇಟ್ಟೆಯಂತೆ.

ನಾನು ಮರುದಿನವೇ ಬಸ್ಸು ಹತ್ತಿ ಕಮಲಾಪುರಕ್ಕೆ ಬಂದೆನಲ್ಲ, ಆಗ ನೀನು ಕತ್ತರಿ ಕೆಳಗಿಡದೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಅಕ್ಕಾ, ಮಂದಿ ಅರಿವಿ ಒಂದು ಗೇಣು ನಮ್ಮ ಮನ್ಯಾಗ ಉಳೀಬಾರದು ಅಂದಾನ ಅಪ್ಪ. ಮಂದಿ ರೊಕ್ಕ ನನ್ನ ಎದಿಯಾಗ ಹೊಲಿಸ್ಕೊಂಡು ನಾ ಹ್ಯಾಂಗ ತಿರುಗಲಿ? ನಾ ಜೀವನದಾಗ ಒಂದು ರೂಪಾಯಿ ಟ್ಯಾಕ್ಸ್ ಕಟ್ಟಿಲ್ಲ." ಅಪ್ಪನ ಕಾಲದಿಂದ ನಮ್ಮ ಅಂಗಡಿಯ ಪದ್ಧತಿ ಅದು, ನನಗೆ ಗೊತ್ತಿಲ್ಲವೇ? ಅಂಗಿ ಹೊಲಿದ ಮೇಲೆ ಉಳಿದ ಚಿಂದಿಯನ್ನು ನಾಲ್ಕು ಮಡಿಕೆ ಮಾಡಿ ಅದೇ ಅಂಗಿಯ ಜೇಬಿನಲ್ಲಿಟ್ಟು ಕೊಡುವುದು. ಬೇರೆ ಟೇಲರುಗಳು ನಗುತ್ತಾರೆ, ಗಿರಾಕಿಗಳು ಆ ಚಿಂದಿಯನ್ನು ದಾರಿಯಲ್ಲೇ ಬಿಸಾಡುತ್ತಾರೆ, ನೀನು ಮಾತ್ರ ಬಿಟ್ಟಿಲ್ಲ. ಆ ಮಾತಿನ ಹಿಂದೆಯೇ ಇನ್ನೊಂದು ಹೇಳಿದೆ. "ನಿನ್ನ ಮಗ ಸ್ವಂತ ರೊಕ್ಕ ಕಟ್ಟಿ ನಿನ್ನ ಉಳಿಸ್ಕೊಂಡಾನ. ನನಗ ಅಷ್ಟು ತಾಕತ್ತಿಲ್ಲ ಅಂದ್ರ ಸುಮ್ಮನಿರಬೇಕು." ನಾನು ಚಹಾ ಆರುತ್ತದೆ ಎಂದು ಹೇಳಿ ಒಳಗೆ ಹೋದೆ. ಯಾಕೆ ಹೋದೆ ಎಂಬುದನ್ನು ಈ ಕಾಗದ ಮುಗಿಯುವುದರೊಳಗೆ ಬರೆಯಬೇಕೆಂದಿದ್ದೇನೆ, ಧೈರ್ಯ ಬಂದರೆ.

ನಿಜ ಹೇಳಬೇಕೆಂದರೆ ನಾನೂ ನಿನ್ನ ಹಾಗೆಯೇ ತಿಳಿದಿದ್ದೆ. ಪಗಾರದವರು ಟ್ಯಾಕ್ಸ್ ಕಟ್ಟುತ್ತಾರೆ, ಅದರಲ್ಲಿ ಬಡವರಿಗೆ ಔಷಧ, ಅಂದರೆ ಅದು ದಾನ ಎಂದು. ಮೊನ್ನೆ ಸೋಮವಾರ ದವಾಖಾನೆಗೆ ಹೋಗಿ, ಕಾರ್ಡಿನ ಕೆಲಸ ನೋಡುವ ಪಂಚಶೀಲಾ ಎಂಬ ಹುಡುಗಿಯ ಮೇಜಿನ ಮುಂದೆ ಪಾಳಿ ಹಚ್ಚಿದೆ. ನನ್ನ ಮುಂದೊಬ್ಬ ಮುದುಕ. "ತಂಗೀ, ಕಾರ್ಡಿನಾಗ ಐದು ಲಕ್ಷ ಅದ ಅಂತಲ್ಲ. ನನ್ನ ಆಪರೇಷನ್ನಿಗೆ ಅಷ್ಟು ಹತ್ತಂಗಿಲ್ಲ. ಉಳದದ್ದು ಕೈಯಾಗ ಕೊಟ್ರ ಒಂದು ಎಮ್ಮಿ ತಗೋತೀನಿ" ಎಂದ. ಆ ಹುಡುಗಿ ನಗಲಿಲ್ಲ ನೋಡು. "ಅಜ್ಜಾ, ಕಾರ್ಡಿನಾಗ ರೊಕ್ಕ ಇರಂಗಿಲ್ಲ. ನಿಮಗ ಏನು ಮಾಡ್ತಾರ, ಅದರದಷ್ಟೇ ಸರ್ಕಾರ ದವಾಖಾನಿಗೆ ಕೊಡ್ತದ. ಎಮ್ಮಿ ನಮ್ಮ ಲಿಸ್ಟಿನಾಗ ಇಲ್ಲ" ಎಂದಳು. ನನ್ನ ಹಿಂದಿನ ಹೆಂಗಸು, "ಪುಕ್ಕಟೆ ಆಪರೇಷನ್ನಾಗ ಡಾಕ್ಟ್ರು ಚಂದ ಹೊಲೀತಾರೋ ಇಲ್ಲೋ" ಎಂದು ಗೊಣಗಿದಳು. ಅದಕ್ಕೂ ಪಂಚಶೀಲಾ ತಲೆ ಎತ್ತದೆ, "ಪುಕ್ಕಟೆ ಯಾರ್ ಮಾಡ್ತಾರ ಅಕ್ಕಾ? ಡಾಕ್ಟ್ರಿಗೆ ಪಗಾರ ಅದ, ದಾರಕ್ಕೂ ರೇಟ್ ಅದ. ನಿಮ್ಮ ಕೈಯಿಂದ ತಗೊಳ್ಳಂಗಿಲ್ಲ, ಅಷ್ಟೇ" ಎಂದಳು.

ನನ್ನ ಪಾಳಿ ಬಂದಾಗ, "ಯವ್ವಾ, ಇದು ಯಾರ ರೊಕ್ಕ?" ಎಂದು ಕೇಳಿದೆ. ಆಗ ಅವಳು ತಲೆ ಎತ್ತಿದಳು. "ಎಷ್ಟು ರೊಕ್ಕ ಅಂತ ಎಲ್ಲಾರೂ ಕೇಳ್ತಾರ ಅಮ್ಮಾ, ಯಾರ ರೊಕ್ಕ ಅಂತ ನೀವೇ ಮೊದಲ ಕೇಳಿದ್ದು" ಎಂದಳು. ನಿನ್ನ ಕತೆ ಹೇಳಿದೆ. "ದಾರ, ಗುಂಡಿ, ಝಿಪ್ ಎಲ್ಲಿಂದ ತರ್ತಾರ ನಿಮ್ಮ ತಮ್ಮ? ಅದರ ಬಿಲ್ ಸಿಕ್ಕರ ಒಮ್ಮಿ ಓದ್ರಿ" ಎಂದು ಹೇಳಿ ಮುಂದಿನವರನ್ನು ಕರೆದಳು. ಅಷ್ಟೇ.

ನಿನ್ನ ಮಾಲೆಲ್ಲ ಗುರುಪ್ರಸಾದನ ಅಂಗಡಿಯಿಂದಲೇ ಅಲ್ಲವೇ. ನಿನ್ನ ಹೆಸರಿನ ಬಿಲ್ಲುಗಳ ನಕಲು ತರಿಸಿದೆ. ಸೃಷ್ಟಿ ನನ್ನ ಕನ್ನಡಕ ತಾನೇ ಹಾಕಿಕೊಂಡು ಓದಿದಳು. ಪ್ರತಿ ಬಿಲ್ಲಿನ ಕೆಳಗೂ ಟ್ಯಾಕ್ಸಿನ ಎರಡು ಸಾಲು, ಒಂದು ದಿಲ್ಲಿಯ ಸರ್ಕಾರಕ್ಕೆ, ಒಂದು ಬೆಂಗಳೂರಿನದಕ್ಕೆ. ದಾರಕ್ಕೆ ಇದೆ, ಝಿಪ್ಪಿಗೆ ಇದೆ, ಯಂತ್ರದ ಎಣ್ಣೆಗೆ ಇದೆ, ನೀನು ಹೋದ ವರ್ಷ ಕೂಡಿಸಿದ ಮೋಟಾರಿಗೂ ಇದೆ. ಮನೆಗೆ ತರುವ ಸಾಬೂನಿಗೆ, ನಿನ್ನ ಗಾಡಿಯ ಪೆಟ್ರೋಲಿಗೆ, ಮೇಲಿನ ಕೋಣೆ ಕಟ್ಟಿಸಿದಾಗ ತಂದ ಸಿಮೆಂಟಿಗೆ. ಬಿಡಿ ಜೋಳಕ್ಕೆ ಇಲ್ಲವಂತೆ, ಹಾಲಿಗೆ ಇಲ್ಲವಂತೆ. ಬೀಡಿಗೆ ಮಾತ್ರ ಬೇಕಾದಷ್ಟು ಇದೆ ತಮ್ಮಾ! ನಲವತ್ತು ವರ್ಷ ನೀನು ಸೇದಿದ್ದಕ್ಕೆ ಆ ದವಾಖಾನೆಯಲ್ಲಿ ನಿನ್ನ ಹೆಸರಿನ ಒಂದು ಮಂಚವಾದರೂ ಇರಬೇಕು. ಇದನ್ನು ಓದಿ ಮತ್ತೊಂದು ಹಚ್ಚಬೇಡ. ಆ ಕೊಡುಗೆ ಸಾಕು.

ವಿವೇಕಾನಂದನ ಮೇಲೆ ಸಿಟ್ಟು ಮಾಡಬೇಡ. ಅವನ ಪಗಾರದಲ್ಲಿ ಹಿಡಿಯುತ್ತಾರೆ, ಅದು ಸುಳ್ಳಲ್ಲ, ನಿನಗಿಂತ ಹೆಚ್ಚೇ ಕಟ್ಟುತ್ತಾನೆ. ಅವನದು ಚೀಟಿಯಲ್ಲಿ ಬರೆದು ಹಿಡಿಯುತ್ತಾರೆ, ಹಾಗಾಗಿ ಅವನಿಗೆ ಕಾಣುತ್ತದೆ. ನಿನ್ನದು ದಾರದ ಉಂಡೆಯೊಳಗೆ ಹೋಗುತ್ತದೆ, ನಿನಗೆ ಕಾಣುವುದಿಲ್ಲ. ನೀನು ಕಟ್ಟಿದ್ದನ್ನೆಲ್ಲ ಕೂಡಿಸಿದರೂ ಒಂದು ಬೈಪಾಸ್‌ಗೆ ಸಾಲಲಿಕ್ಕಿಲ್ಲ, ಸೃಷ್ಟಿ ಲೆಕ್ಕ ಹಾಕಿ ಮೂತಿ ಸೊಟ್ಟ ಮಾಡಿದಳು. ಆದರೆ ನಾಳೆ ವಿವೇಕಾನಂದನಿಗೇ ಏನಾದರೂ ದೊಡ್ಡದು ಬಂದರೆ ಅವನೊಬ್ಬನದೂ ಸಾಲಲಿಕ್ಕಿಲ್ಲ. ಎಲ್ಲರದೂ ಒಂದೇ ಬೊಕ್ಕಸಕ್ಕೆ ಬೀಳುತ್ತದೆ, ಅದರಲ್ಲಿ ಯಾರದು ಯಾವ ರೂಪಾಯಿ ಎಂದು ಆರಿಸಲು ಬರುವುದಿಲ್ಲ. ನೀನು ಗಟ್ಟಿಮುಟ್ಟಾಗಿದ್ದ ಈ ಇಷ್ಟು ವರ್ಷ ನಿನ್ನ ದಾರದ ದುಡ್ಡಿನಲ್ಲಿ ಯಾರು ಯಾರು ಮಂಚದಿಂದ ಎದ್ದು ಮನೆಗೆ ಹೋದರೋ. ಅವರನ್ನು ನೀನು ಕೇಳಿದೆಯಾ? ಬೇಸರ ಮಾಡಿಕೊಂಡೆಯಾ?

ಪಂಚಶೀಲಾ ನಿನಗೆ ಮತ್ತೊಂದು ತಾರೀಖು ಹಿಡಿದುಕೊಟ್ಟಿದ್ದಾಳೆ, ಡಿಸೆಂಬರ್ ಒಂದು, ಸೋಮವಾರ. ಇದೂ ತಪ್ಪಿದರೆ ಮುಂದಿನದು ಯಾವಾಗ ಎಂದು ಹೇಳಲು ಬರುವುದಿಲ್ಲ ಎಂದಳು. ಡಾಕ್ಟರು ನಿನ್ನ ಎದೆಯ ಫೋಟೋ ಮತ್ತೆ ನೋಡಿ ಆ ತಾರೀಖಿನ ಕೆಳಗೆ ಎರಡು ಗೆರೆ ಎಳೆದರು, ಅದೇ ನನಗೆ ಹೆದರಿಕೆ. ಟ್ರಂಕಿನಿಂದ ಕಾರ್ಡು ತೆಗೆ. ಮುಂಜಾನೆ ಮೊದಲ ಬಸ್ಸಿಗೆ ಕಾಶಮ್ಮನನ್ನು ಕರೆದುಕೊಂಡು ಬಾ. ನಾನು ಹೋದ ಸಲ ನಿಂತ ಬಾಗಿಲಲ್ಲೇ ನಿಂತಿರುತ್ತೇನೆ. ನನಗೂ ಅರವತ್ತೆಂಟಾಯಿತು, ಹನ್ನೆರಡರ ತನಕ ನಿಲ್ಲಿಸಬೇಡ.

ಕಾಶಮ್ಮನಿಗೆ ನನ್ನ ಆಶೀರ್ವಾದ ಹೇಳು. ಸೃಷ್ಟಿ ತನ್ನ ಅಜ್ಜನಿಗೆ ಶರಣು ಹೇಳಿದ್ದಾಳೆ, ಯೂನಿಫಾರಂ ಬಿಗಿಯಾಗಿದೆಯಂತೆ, ನೀನು ಗುಣವಾದ ಮೇಲೆ ಬಿಡಿಸಿಕೊಡಬೇಕಂತೆ. ಶರಣಬಸವೇಶ್ವರರು ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಹೊಡೆತ ತಿಂದು ಅಕ್ಷರ ಕಲಿತ ಅಕ್ಕ,
ಚಂದಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ. ಆರು ವರ್ಷದ ಹಿಂದೆ ನನ್ನ ಎದೆಗೆ ಸ್ಟೆಂಟ್ ಹಾಕಿದಾಗ ಗುರುಪ್ರಸಾದ ಒಂದು ಪೈಸೆಯೂ ಕಟ್ಟಲಿಲ್ಲ. ನಿನ್ನದರಂಥದೇ ಕಾರ್ಡಿನಲ್ಲಿ ಆಯಿತು. ನೀನು ಗಂಜಿ ತಂದ ದಿನ ಅವನು ಕೌಂಟರಿನ ಮುಂದೆ ಪಾಕೀಟು ತೆಗೆದು ನಿಂತಿದ್ದನಲ್ಲ, ನಾನೇ ಹಾಗೆ ನಿಲ್ಲು ಎಂದಿದ್ದೆ. ಪಾಕೀಟು ಖಾಲಿ ಇತ್ತು. ಪುಕ್ಕಟೆ ಅಂದರೆ ಕಮಲಾಪುರದವರು ಆಡಿಕೊಳ್ಳುತ್ತಾರೆಂದು ಹೆದರಿ, ಮಗ ಕಟ್ಟಿದ ಎಂದು ಊರ ತುಂಬ ಹೇಳಿದೆ. ನೀನು ಅದನ್ನು ನಂಬಿ ಈಗ ಸಾಯಲು ಕೂತಿದ್ದೀಯ. ನನ್ನ ಆ ದಿನದ ಡಿಸ್ಚಾರ್ಜ್ ಕಾಗದವನ್ನು, ನೀನು ಚಿಂದಿ ಮಡಚುವ ಹಾಗೆ ನಾಲ್ಕು ಮಡಿಕೆ ಮಾಡಿ, ಇದರೊಳಗೆ ಇಟ್ಟಿದ್ದೇನೆ. ಕೊನೆಯ ಸಾಲು ನೋಡು, ರೋಗಿಯಿಂದ ಪಡೆದದ್ದು ಸೊನ್ನೆ ಎಂದಿದೆ. ಇದು ಝೆರಾಕ್ಸ್ ಅಲ್ಲ, ಮೂಲ ಕಾಗದ, ನನ್ನದು. ನೀನು ಮಂದಿಯದನ್ನು ಇಟ್ಟುಕೊಳ್ಳುವವನಲ್ಲ. ಸೋಮವಾರ ಮುಂಜಾನೆ ತಂದು ನನ್ನ ಕೈಯಲ್ಲಿ ಕೊಡು.